ಮನೆಗೆ ಕೈಗೆಟುಕುವ ಪ್ರೊಪೇನ್ ಜನರೇಟರ್: ಅಮೆರಿಕದ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ಕೂತಾಗ 45 ಲಕ್ಷಕ್ಕೂ ಜಾಸ್ತಿ ಮನೆಗಳಲ್ಲಿ ಕರೆಂಟ್ ಇರಲಿಲ್ಲ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಡಿದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಕೆಲವರ ಮನೆಗೆ ಅದು ವಾಪಸ್ ಬರಲು ವಾರಕ್ಕಿಂತ ಹೆಚ್ಚು ಹಿಡಿಯಿತು. ಊರಿನ ಲೋಡ್ ಶೆಡ್ಡಿಂಗ್ ಬೇರೆ, ಇದು ಬೇರೆ. ಅಲ್ಲಿ ದಿನಕ್ಕೆ ಎರಡು ಗಂಟೆ ಹೋಗುತ್ತದೆ, ಯುಪಿಎಸ್ ಸಾಕು. ಇಲ್ಲಿ ವರ್ಷಗಟ್ಟಲೆ ಹೋಗುವುದೇ ಇಲ್ಲ, ಹೋದರೆ ದಿನಗಟ್ಟಲೆ ಹೋಗುತ್ತದೆ. ಅದೂ ಸರಿಯಾಗಿ ಹೀಟರೋ ಎಸಿಯೋ ತೀರಾ ಬೇಕಾಗಿರುವ ಹೊತ್ತಲ್ಲೇ.

ಬಿರುಗಾಳಿ ಸುದ್ದಿ ಬಂದ ಮೇಲೆ ಅಂಗಡಿಗೆ ಓಡಿದರೆ ಸಿಗುವುದು ಖಾಲಿ ಶೆಲ್ಫ್, ಇಲ್ಲವೇ ಯಾರಿಗೂ ಬೇಡವಾಗಿ ಉಳಿದ ದೊಡ್ಡ ಯಂತ್ರ. ಆದ್ದರಿಂದ ಆಕಾಶ ತಿಳಿಯಾಗಿರುವಾಗಲೇ ಕೂತು ಲೆಕ್ಕ ಹಾಕೋಣ. ನಾನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರು ಬೇಕಾದ್ದಕ್ಕಿಂತ ದೊಡ್ಡ ಜನರೇಟರ್ ಕೊಂಡು, ಅದಕ್ಕೆ ಬೇಕಾದ ಇಂಧನದ ಬಗ್ಗೆ ಯೋಚನೆಯನ್ನೇ ಮಾಡಿರುವುದಿಲ್ಲ. ಯಂತ್ರದ ಬೆಲೆ ಒಂದು ಸಲದ್ದು. ಹೊಟ್ಟೆಬಾಕ ಯಂತ್ರ ತಂದರೆ ಪ್ರತಿ ಗಂಟೆಯೂ ಕಿಸೆಗೆ ಕತ್ತರಿ.

ಪ್ರೊಪೇನೇ ಯಾಕೆ?

ಪೆಟ್ರೋಲ್ ಕೆಲವೇ ತಿಂಗಳಲ್ಲಿ ಹಳಸುತ್ತದೆ. ಕಾರ್ಬ್ಯುರೇಟರ್ ಒಳಗೆ ಅಂಟಂಟಾಗಿ ಕೂರುತ್ತದೆ. ವರ್ಷಕ್ಕೊಮ್ಮೆ ಬಳಸುವ ಯಂತ್ರ ಬೇಕಾದ ದಿನವೇ ಸ್ಟಾರ್ಟ್ ಆಗದಿರಲು ಬಹುಪಾಲು ಇದೇ ಕಾರಣ. ಪ್ರೊಪೇನ್‌ಗೆ ಈ ಕಾಯಿಲೆ ಇಲ್ಲ. ಸಿಲಿಂಡರ್ ಗಟ್ಟಿಯಾಗಿದ್ದರೆ ಒಳಗಿನದು ಎಷ್ಟು ವರ್ಷವಾದರೂ ಹಾಗೇ ಇರುತ್ತದೆ. ಇನ್ನೊಂದು ವಿಷಯ: ಊರಿಗೆಲ್ಲ ಕರೆಂಟ್ ಹೋದರೆ ಪೆಟ್ರೋಲ್ ಬಂಕಿನ ಪಂಪೂ ನಿಲ್ಲುತ್ತದೆ. ಹಿತ್ತಲಲ್ಲಿ ಬಾರ್ಬೆಕ್ಯೂಗೆ ಇಟ್ಟ ಸಿಲಿಂಡರ್ ಮಾತ್ರ ಅಲ್ಲೇ ಇರುತ್ತದೆ.

ಕೊರತೆಯೂ ಇದೆ. ಒಂದು ಗ್ಯಾಲನ್ ಪ್ರೊಪೇನ್‌ನಲ್ಲಿ ಸುಮಾರು 91,500 ಬಿಟಿಯು ಶಾಖ ಇರುತ್ತದೆ, ಪೆಟ್ರೋಲ್‌ನಲ್ಲಿ 1,20,000ದ ಆಸುಪಾಸು. ಜೊತೆಗೆ, ಅದೇ ಎಂಜಿನ್ ಪ್ರೊಪೇನ್‌ನಲ್ಲಿ ಓಡುವಾಗ ಶೇ. 10ರಷ್ಟು ಕಡಿಮೆ ಶಕ್ತಿ ಕೊಡುತ್ತದೆ. ತೀರಾ ಚಳಿ ಇದ್ದರೆ ಇನ್ನೊಂದು ತೊಡಕು, ಅದನ್ನು ಮುಂದೆ ನೋಡೋಣ.

ಬರೀ ಪ್ರೊಪೇನ್‌ನಲ್ಲಿ ಓಡುವ ಸಣ್ಣ ಜನರೇಟರ್‌ಗಳು ಈಗ ಕಡಿಮೆ. ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಡ್ಯುಯಲ್ ಫ್ಯುಯಲ್, ಅಂದರೆ ಪೆಟ್ರೋಲ್ ಮತ್ತು ಪ್ರೊಪೇನ್ ಎರಡರಲ್ಲೂ ಓಡುವುದು. ಅದನ್ನೇ ತೆಗೆದುಕೊಳ್ಳಿ. ಪೆಟ್ರೋಲ್ ಟ್ಯಾಂಕನ್ನು ಒಮ್ಮೆಯೂ ತುಂಬಿಸದೆ ಒಣಗಿಸಿಯೇ ಇಟ್ಟರೂ ತೊಂದರೆಯಿಲ್ಲ, ತುರ್ತಿಗೆ ಒಂದು ದಾರಿ ಇರುತ್ತದೆ. ಮನೆಗೆ ನ್ಯಾಚುರಲ್ ಗ್ಯಾಸ್ ಪೈಪ್ ಇದ್ದರೆ ಟ್ರೈ ಫ್ಯುಯಲ್ ಮಾದರಿಗೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೊದಲ ಹೆಜ್ಜೆ: ಏನೇನು ಓಡಬೇಕು?

ಒಂದು ಹಾಳೆ ತೆಗೆದುಕೊಂಡು ಮನೆಯೊಳಗೆ ಒಂದು ಸುತ್ತು ಹಾಕಿ. ಫ್ರಿಡ್ಜ್ ಬಾಗಿಲು ತೆರೆದರೆ ಒಳಗೋಡೆಯ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ವೋಲ್ಟ್ ಮತ್ತು ಆಂಪ್ ಬರೆದಿರುತ್ತಾರೆ. ಎರಡನ್ನೂ ಗುಣಿಸಿದರೆ ವ್ಯಾಟ್. ಆದರೆ 115 ವೋಲ್ಟ್, 6 ಆಂಪ್ ಅಂತ ಇದ್ದರೆ 690 ವ್ಯಾಟ್ ಎಂದು ಹೆದರಬೇಡಿ. ಅದು ಮೇಲ್ಮಿತಿ. ಕಂಪ್ರೆಸರ್ ಒಮ್ಮೆ ಶುರುವಾದ ಮೇಲೆ ಸಾಮಾನ್ಯ ಫ್ರಿಡ್ಜ್ ಎಳೆಯುವುದು 150ರಿಂದ 200 ವ್ಯಾಟ್ ಅಷ್ಟೇ. ನಿಜವಾದ ಅಂಕಿ ಬೇಕಿದ್ದರೆ ಗೋಡೆಯ ಪ್ಲಗ್‌ಗೂ ಉಪಕರಣಕ್ಕೂ ಮಧ್ಯೆ ಚುಚ್ಚುವ ವ್ಯಾಟ್ ಮೀಟರ್ ಸಿಗುತ್ತದೆ, 25–30 ಡಾಲರ್. ಒಂದು ದಿನ ಫ್ರಿಡ್ಜ್‌ಗೆ, ಒಂದು ದಿನ ಫ್ರೀಜರ್‌ಗೆ ಹಾಕಿ ನೋಡಿ. ಈ 30 ಡಾಲರ್ ಜನರೇಟರ್‌ನಲ್ಲಿ 300 ಉಳಿಸಬಹುದು.

ಮೋಟಾರ್ ಇರುವ ಯಾವುದೇ ವಸ್ತು ಶುರುವಾಗುವ ಆ ಒಂದೆರಡು ಕ್ಷಣ ಹಲವು ಪಟ್ಟು ಹೆಚ್ಚು ಎಳೆಯುತ್ತದೆ. ಇದೇ ಸ್ಟಾರ್ಟಿಂಗ್ ವ್ಯಾಟ್. ಫ್ರಿಡ್ಜ್‌ಗೆ ಇದು 1,000–1,200ರವರೆಗೂ ಹೋಗಬಹುದು. ಶಿಕಾಗೊ, ಡೆಟ್ರಾಯಿಟ್ ಕಡೆ ಬೇಸ್‌ಮೆಂಟ್ ನೀರು ಎತ್ತುವ ಅರ್ಧ ಎಚ್‌ಪಿ ಸಂಪ್ ಪಂಪ್ ಇದ್ದರೆ ಓಡುವಾಗ 1,000, ಶುರುವಾಗುವಾಗ 2,000ಕ್ಕೂ ಮೇಲೆ.

ಒಂದು ಸಾಧಾರಣ ಕನ್ನಡದ ಮನೆ ಎಂದುಕೊಳ್ಳಿ. ಅಡುಗೆಮನೆಯ ಫ್ರಿಡ್ಜ್ 180. ಗ್ಯಾರೇಜಿನಲ್ಲಿ ತೆಂಗಿನತುರಿ, ಅವರೆಕಾಳು ತುಂಬಿದ ಫ್ರೀಜರ್ 100. ಗ್ಯಾಸ್ ಹೀಟರ್‌ನ ಬ್ಲೋವರ್ 600. ಇಂಟರ್‌ನೆಟ್ ಪೆಟ್ಟಿಗೆ 20, ಎಲ್‌ಇಡಿ ದೀಪಗಳು 60, ಲ್ಯಾಪ್‌ಟಾಪ್-ಫೋನ್ 150. ಒಟ್ಟು 1,110 ವ್ಯಾಟ್. ಒಂದು ಸಲಕ್ಕೆ ಒಂದೇ ಮೋಟಾರ್ ಶುರುವಾಗುತ್ತದೆ ಎಂದು ಹಿಡಿದು ಮೇಲೆ 1,200 ಸೇರಿಸಿ, 2,300. ಇಷ್ಟೇ! ಚಟ್ನಿಗೆ ಮಿಕ್ಸಿ ಹಾಕಬೇಕು ಅಂದರೆ ಇನ್ನೊಂದು 600–750. ಟೇಬಲ್ ಮೇಲಿಡುವ ವೆಟ್ ಗ್ರೈಂಡರ್ ಪಾಪ, 150 ವ್ಯಾಟ್‌ನಲ್ಲೇ ಹಿಟ್ಟು ರುಬ್ಬಿಕೊಡುತ್ತದೆ. ಎಲೆಕ್ಟ್ರಿಕ್ ಕೆಟಲ್ ಮಾತ್ರ 1,500 ನುಂಗುತ್ತದೆ. ಗ್ಯಾಸ್ ಸ್ಟವ್ ಇದ್ದವರು ಬೆಂಕಿಕಡ್ಡಿ ಗೀರಿ ಕಾಫಿ ಮಾಡಿಕೊಳ್ಳಿ.

ಪಟ್ಟಿಯಿಂದ ಕೈಬಿಡಬೇಕಾದವು ಮೂರು: ಇಡೀ ಮನೆಯ ಸೆಂಟ್ರಲ್ ಎಸಿ, ಕರೆಂಟಿನ ವಾಟರ್ ಹೀಟರ್, ಬಟ್ಟೆ ಒಣಗಿಸುವ ಯಂತ್ರ. ವಾಟರ್ ಹೀಟರ್ ಒಂದೇ 4,500 ವ್ಯಾಟ್. ಹ್ಯೂಸ್ಟನ್ ಬೇಸಿಗೆಗೆ ಏನು ಮಾಡುವುದು ಅಂತೀರಾ? 1,000 ವ್ಯಾಟ್ ಒಳಗಿನ ಒಂದು ಕಿಟಕಿ ಎಸಿ ತಂದಿಟ್ಟುಕೊಳ್ಳಿ. ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದರಾಯಿತು. ಸೆಂಟ್ರಲ್ ಎಸಿ ಓಡಲೇಬೇಕು ಎಂದು ಹಟ ಹಿಡಿದರೆ ಬಜೆಟ್ ಹತ್ತು ಪಟ್ಟಾಗುತ್ತದೆ.

ಎರಡನೇ ಹೆಜ್ಜೆ: ಡಬ್ಬದ ಮೇಲಿನ ಅಂಕಿಯನ್ನು ನಂಬಬೇಡಿ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4500 ಅಂತ ಇದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲ್‌ನಲ್ಲಿ ಓಡಿದಾಗಿನ ಸ್ಟಾರ್ಟಿಂಗ್ ವ್ಯಾಟ್. ನಿಮಗೆ ಬೇಕಾದದ್ದು ಪ್ರೊಪೇನ್‌ನಲ್ಲಿ ರನ್ನಿಂಗ್ ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಡಬ್ಬದ ಪಕ್ಕದಲ್ಲಿ ಸಣ್ಣಕ್ಷರದ ಪಟ್ಟಿಯಲ್ಲಿ ಹುಡುಕಿ. 4500 ಎಂದು ಕೂಗುವ ಯಂತ್ರದಲ್ಲಿ ಅದು 3,200ರ ಆಸುಪಾಸಿಗೆ ಇಳಿದಿರುತ್ತದೆ.

ಎತ್ತರದ ಊರಿನವರು ಇನ್ನಷ್ಟು ಕಳೆಯಬೇಕು. ಪ್ರತಿ 1,000 ಅಡಿಗೆ ಸುಮಾರು ಶೇ. 3.5 ಶಕ್ತಿ ಕುಗ್ಗುತ್ತದೆ. ಡೆನ್ವರ್ 5,280 ಅಡಿ ಮೇಲಿದೆ. ಅಲ್ಲಿ ಶೇ. 18ರಷ್ಟು ಹೋಯಿತು ಅಂತಲೇ ಲೆಕ್ಕ.

ಇನ್ನು ಇನ್ವರ್ಟರ್ ಜನರೇಟರೋ, ಮಾಮೂಲಿ ತೆರೆದ ಚೌಕಟ್ಟಿನದೋ? ಮಾಮೂಲಿಯದು ಲೋಡ್ ಇರಲಿ ಬಿಡಲಿ ಒಂದೇ ವೇಗದಲ್ಲಿ, ನಿಮಿಷಕ್ಕೆ 3,600 ಸುತ್ತು ತಿರುಗುತ್ತದೆ. ಬರೀ ಫ್ರಿಡ್ಜ್ ಓಡಿಸಿದರೂ ಅದೇ ಅಬ್ಬರ. ಇನ್ವರ್ಟರ್ ಮಾದರಿ ಲೋಡ್ ನೋಡಿ ವೇಗ ಇಳಿಸುತ್ತದೆ, ಇಂಧನ ಉಳಿಯುತ್ತದೆ. ಕರೆಂಟಿನ ಅಲೆಯೂ ನಯವಾಗಿರುತ್ತದೆ, ಲ್ಯಾಪ್‌ಟಾಪ್‌ಗೆ, ಹೊಸ ಫ್ರಿಡ್ಜ್‌ಗಳ ಬೋರ್ಡ್‌ಗೆ ಒಳ್ಳೆಯದು. ಸದ್ದಿನಲ್ಲಿ ಹಗಲು ರಾತ್ರಿಯಷ್ಟು ವ್ಯತ್ಯಾಸ: 23 ಅಡಿ ದೂರದಲ್ಲಿ ಇನ್ವರ್ಟರ್‌ನದು 60 ಡೆಸಿಬೆಲ್ ಸುತ್ತಮುತ್ತ, ಇನ್ನೊಂದರದ್ದು 70 ದಾಟುತ್ತದೆ. ಪಕ್ಕದ ಮನೆಯವರ ಜೊತೆ ಮುಂದೆಯೂ ಬಾಳಬೇಕಲ್ವಾ?

ಬೆಲೆ ಅಂದಾಜು ಹೀಗೆ. ಸಣ್ಣ ಡ್ಯುಯಲ್ ಫ್ಯುಯಲ್ ಇನ್ವರ್ಟರ್ 500–700 ಡಾಲರ್. 3,500ರಿಂದ 4,500 ವ್ಯಾಟ್‌ನದು 700–1,000. 7,500 ವ್ಯಾಟ್‌ನ ತೆರೆದ ಚೌಕಟ್ಟಿನದೂ ಹೆಚ್ಚು ಕಡಿಮೆ ಇದೇ ಬೆಲೆಗೆ ಸಿಗುತ್ತದೆ. ಇಲ್ಲೇ ಜನ ಎಡವುವುದು: "ಅದೇ ದುಡ್ಡಿಗೆ ಡಬಲ್ ಪವರ್!" ಆದರೆ ಆ 7,500ರ ಯಂತ್ರ ಅರ್ಧ ಲೋಡ್‌ನಲ್ಲಿ 20 ಪೌಂಡ್ ಸಿಲಿಂಡರನ್ನು ಐದಾರು ಗಂಟೆಯಲ್ಲಿ ಮುಗಿಸುತ್ತದೆ. 3,500ರ ಇನ್ವರ್ಟರ್ ಕಾಲು ಭಾಗ ಲೋಡ್‌ನಲ್ಲಿ ಅದೇ ಸಿಲಿಂಡರನ್ನು 14 ಗಂಟೆಯವರೆಗೂ ಎಳೆಯುತ್ತದೆ.

ಮನೆ ಪಕ್ಕ ಕಾಂಕ್ರೀಟ್ ಹಾಸಿನ ಮೇಲೆ ಕೂತು ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಸ್ಟ್ಯಾಂಡ್‌ಬೈ ಜನರೇಟರ್‌ಗಳ ಲೋಕವೇ ಬೇರೆ. ಜೋಡಣೆ ಸೇರಿ ಹತ್ತು ಸಾವಿರ ಡಾಲರ್ ಆಸುಪಾಸಿನ ಮಾತು. ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲಿರುವ ಹಿರಿಯರಿದ್ದರೆ ಯೋಚಿಸಿ. ಇಲ್ಲದಿದ್ದರೆ ಈ ಬರಹಕ್ಕೆ ಅದು ಹೊರಗಿನದು.

ಚಾಂಪಿಯನ್, ವೆಸ್ಟಿಂಗ್‌ಹೌಸ್, ಫರ್ಮನ್, ಡ್ಯೂರೋಮ್ಯಾಕ್ಸ್ ಹೀಗೆ ಹಲವರು ಡ್ಯುಯಲ್ ಫ್ಯುಯಲ್ ಮಾಡುತ್ತಾರೆ. ಹೆಸರಿಗಿಂತ ಮೂರು ವಿಷಯ ನೋಡಿ: ಮೂರು ವರ್ಷದ ವಾರಂಟಿ, ಬಿಡಿಭಾಗ ಸಿಗುವ ಸುಲಭ, ಮತ್ತು ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾದರೆ ತಾನೇ ನಿಲ್ಲುವ ಸೆನ್ಸರ್. ಕೊನೆಯದಿಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಮೂರನೇ ಹೆಜ್ಜೆ: ಸಿಲಿಂಡರ್ ಲೆಕ್ಕ

ಬಾರ್ಬೆಕ್ಯೂಗೆ ಬಳಸುವ ಮಾಮೂಲಿ ಸಿಲಿಂಡರ್ 20 ಪೌಂಡ್‌ನದು. ತುಂಬಿದಾಗ ಅದರಲ್ಲಿ ಸುಮಾರು 4.7 ಗ್ಯಾಲನ್ ಇರುತ್ತದೆ. ಆದರೆ ಅಂಗಡಿ ಮುಂದೆ ಪಂಜರದೊಳಗೆ ಇಟ್ಟು ಖಾಲಿ ಸಿಲಿಂಡರ್‌ಗೆ ಬದಲಿ ಕೊಡುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ 15 ಪೌಂಡ್ ಮಾತ್ರ ತುಂಬಿರುತ್ತಾರೆ. ಸಿಲಿಂಡರ್ ಮೇಲಿನ ಲೇಬಲ್ ಓದಿ, ಅಲ್ಲೇ ಬರೆದಿರುತ್ತದೆ. 22 ಡಾಲರ್ ಕೊಟ್ಟು 3.5 ಗ್ಯಾಲನ್ ತಂದರೆ ಗ್ಯಾಲನ್‌ಗೆ ಆರು ಡಾಲರ್‌ಗೂ ಮೇಲಾಯಿತು. ಅದರ ಬದಲು ಯು-ಹಾಲ್, ಟ್ರ್ಯಾಕ್ಟರ್ ಸಪ್ಲೈ, ಕೆಲವು ಕಾಸ್ಟ್‌ಕೋಗಳಲ್ಲಿ ನಿಮ್ಮದೇ ಸಿಲಿಂಡರ್‌ಗೆ ತುಂಬಿಸಿಕೊಡುತ್ತಾರೆ. ಗ್ಯಾಲನ್‌ಗೆ ಮೂರರಿಂದ ನಾಲ್ಕು ಡಾಲರ್ ಎಂದರೆ 14ರಿಂದ 19 ಡಾಲರ್‌ಗೆ ಪೂರ್ತಿ 20 ಪೌಂಡ್. ಬದಲಿ ಪಂಜರ ಒಂದಕ್ಕೆ ಮಾತ್ರ ಉಪಯೋಗ: ಹಳೆಯ ಸಿಲಿಂಡರ್ ದಾಟಿಸಲು. ಸಿಲಿಂಡರ್ ಹಿಡಿಯ ಸುತ್ತ ತಯಾರಾದ ತಿಂಗಳು-ವರ್ಷ ಕೊರೆದಿರುತ್ತದೆ. ಹತ್ತು ಹನ್ನೆರಡು ವರ್ಷ ದಾಟಿದ್ದನ್ನು ಮರುಪರೀಕ್ಷೆ ಮಾಡಿಸದೆ ತುಂಬಿಸುವುದಿಲ್ಲ. ಅದನ್ನು ಕೊಟ್ಟು ಹೊಸದು ತನ್ನಿ.

ಎಷ್ಟು ಬೇಕು? ಜನರೇಟರ್ 24 ಗಂಟೆ ಓಡಬೇಕಾಗಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಡ್ಜ್ ನಾಲ್ಕು ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಮೂರು ಗಂಟೆ ಓಡಿಸಿದರೆ ದಿನಕ್ಕೆ ಒಂದು ಸಿಲಿಂಡರ್‌ಗಿಂತ ಕಡಿಮೆ. ಚಳಿಗಾಲದಲ್ಲಿ ರಾತ್ರಿಯೂ ಹೀಟರ್ ಬೇಕಾದರೆ ದಿನಕ್ಕೆ ಎರಡು ಎಂದುಕೊಳ್ಳಿ. ಹೊಸಬರಿಗೆ ನನ್ನ ಸಲಹೆ ಮೂರು ಸಿಲಿಂಡರ್. ಯಾವಾಗಲೂ ಎರಡು ತುಂಬಿರಲಿ, ಬಾರ್ಬೆಕ್ಯೂಗೆ ಒಂದನ್ನೇ ಬಳಸಿ.

ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯವರು ಇಲ್ಲಿ ನಿಂತು ಓದಿ. ಸಿಲಿಂಡರ್ ಒಳಗೆ ಪ್ರೊಪೇನ್ ದ್ರವವಾಗಿರುತ್ತದೆ. ಅದು ಕುದಿದು ಆವಿಯಾದರೆ ಮಾತ್ರ ಎಂಜಿನ್‌ಗೆ ಸಿಗುತ್ತದೆ. ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆದರೂ, ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ. ಹೊರಗೆ ಕೊರೆಯುವ ಚಳಿ, ಸಿಲಿಂಡರ್ ಅರ್ಧ ಖಾಲಿ, ಮೇಲೆ ದೊಡ್ಡ ಲೋಡ್ ಅಂದರೆ ಸಿಲಿಂಡರ್ ಹೊರಮೈಯಲ್ಲಿ ಬಿಳಿ ಹಿಮ ಕಟ್ಟುತ್ತದೆ, ಎಂಜಿನ್ ತಡವರಿಸತೊಡಗುತ್ತದೆ. ಗ್ಯಾಸ್ ಮುಗಿದಿರುವುದಿಲ್ಲ, ಸಾಕಷ್ಟು ಬೇಗ ಬರುತ್ತಿರುವುದಿಲ್ಲ ಅಷ್ಟೇ. ಇದಕ್ಕೆ ಪರಿಹಾರ 40 ಅಥವಾ 100 ಪೌಂಡ್‌ನ ದೊಡ್ಡ ಸಿಲಿಂಡರ್, ಇಲ್ಲವೇ ಎರಡನ್ನು ಅದಕ್ಕೆಂದೇ ಇರುವ ಕೊಳವೆಯಿಂದ ಒಟ್ಟಿಗೆ ಜೋಡಿಸುವುದು. ಬೆಂಕಿ ಹಿಡಿದು ಬಿಸಿ ಮಾಡುವುದು, ಮನೆಯೊಳಗೆ ತಂದಿಡುವುದು ಎರಡೂ ಸಲ್ಲ.

ಸಿಲಿಂಡರ್ ಇಡುವುದು ಹೊರಗೇ, ನೆಟ್ಟಗೆ ನಿಲ್ಲಿಸಿ, ನೆರಳಲ್ಲಿ. ಗ್ಯಾರೇಜ್, ಬೇಸ್‌ಮೆಂಟ್ ಬೇಡ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲೇ ಹರಿದು ತಗ್ಗಿಗೆ ಸೇರಿ ಕಿಡಿಗೆ ಕಾಯುತ್ತದೆ.

(ಊರಿನ ಅಪ್ಪ-ಅಮ್ಮನ ಮನೆಗೂ ಇಂಥದ್ದೇ ಹಾಕಿಸೋಣ ಅಂತ ಯಾರಿಗಾದರೂ ಅನಿಸಿದರೆ, ಬೇಡ. ಅಲ್ಲಿನ 14.2 ಕೆ.ಜಿ.ಯ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ, ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಅವರಿಗೆ ಒಳ್ಳೆಯ ಬ್ಯಾಟರಿಯ ಯುಪಿಎಸ್ಸೇ ಸರಿ.)

ನಾಲ್ಕನೇ ಹೆಜ್ಜೆ: ಮನೆಗೆ ಜೋಡಿಸುವುದು

ಎರಡು ದಾರಿ ಇವೆ, ಯಂತ್ರ ಕೊಳ್ಳುವ ಮುಂಚೆಯೇ ತೀರ್ಮಾನಿಸಿ.

ಅಗ್ಗದ ದಾರಿ ಎಕ್ಸ್‌ಟೆನ್ಷನ್ ಕಾರ್ಡ್. ಹೊರಗೆ ಬಳಸಲು ಮಾಡಿದ, 12 ಗೇಜ್‌ನ ದಪ್ಪ ವೈರ್ ತನ್ನಿ. ಜನರೇಟರ್‌ನಿಂದ ನೇರ ಫ್ರಿಡ್ಜ್‌ಗೆ, ಇನ್ನೊಂದು ಹಾಲ್‌ಗೆ. ತೊಡಕು ಏನೆಂದರೆ ಗ್ಯಾಸ್ ಹೀಟರ್‌ಗೆ ಸಾಮಾನ್ಯವಾಗಿ ಪ್ಲಗ್ ಇರುವುದಿಲ್ಲ, ವೈರ್ ಗೋಡೆಯಿಂದಲೇ ಬಂದಿರುತ್ತದೆ. ಅದೊಂದಕ್ಕೆ ಮಾತ್ರ ಸಿಂಗಲ್ ಸರ್ಕ್ಯೂಟ್ ಟ್ರಾನ್ಸ್‌ಫರ್ ಸ್ವಿಚ್, ಅಂದರೆ ಆ ಒಂದು ಲೈನನ್ನು ಮನೆ ಕರೆಂಟಿನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್ ಹಾಕಿಸಬಹುದು. ಚಳಿ ನಾಡಿನವರಿಗೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲ.

ಎರಡನೆಯದು ಮನೆಯ ಬ್ರೇಕರ್ ಪ್ಯಾನೆಲ್‌ಗೇ ಜೋಡಿಸುವುದು. ಹೊರಗೋಡೆಯಲ್ಲಿ ಜನರೇಟರ್ ವೈರ್ ಚುಚ್ಚಲು 30 ಆಂಪ್‌ನ ಇನ್‌ಲೆಟ್ ಪೆಟ್ಟಿಗೆ, ಒಳಗೆ ಇಂಟರ್‌ಲಾಕ್. ಇಂಟರ್‌ಲಾಕ್ ಅಂದರೆ ಒಂದು ಜಾರುವ ತಗಡು. ಬೀದಿಯ ಕರೆಂಟ್ ಬರುವ ಮೇನ್ ಬ್ರೇಕರ್ ಆಫ್ ಆಗದೆ ಜನರೇಟರ್ ಬ್ರೇಕರ್ ಆನ್ ಆಗಲು ಅದು ಬಿಡುವುದಿಲ್ಲ. ಸಾಮಾನು 150–250 ಡಾಲರ್, ಎಲೆಕ್ಟ್ರಿಷಿಯನ್ ಕೂಲಿ ಊರು ನೋಡಿ 500ರಿಂದ 1,200. ಪರ್ಮಿಟ್ ಕೇಳುತ್ತಾರೆ, ತೆಗೆದುಕೊಳ್ಳಿ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ ಅವರನ್ನೂ ಕೇಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ. 4,500 ವ್ಯಾಟ್ ಒಳಗಿನ ಹೆಚ್ಚಿನ ಇನ್ವರ್ಟರ್‌ಗಳು 120 ವೋಲ್ಟ್ ಮಾತ್ರ ಕೊಡುತ್ತವೆ. ಪ್ಯಾನೆಲ್ ಇರುವುದು 240 ವೋಲ್ಟ್‌ನದು. ಅಡಾಪ್ಟರ್ ಸಿಗುತ್ತದೆ ನಿಜ, ಆದರೆ ಎರಡು ಸರ್ಕ್ಯೂಟ್ ಒಂದೇ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಹಂಚಿಕೊಂಡ ಹಳೆ ಮನೆಗಳಲ್ಲಿ ಆ ನ್ಯೂಟ್ರಲ್ ವೈರ್ ಕಾಯಬಹುದು. ಪ್ಯಾನೆಲ್‌ಗೆ ಜೋಡಿಸುವ ಯೋಚನೆ ಇದ್ದರೆ 120/240 ಎರಡೂ ಕೊಡುವ, ನಾಲ್ಕು ಕಡ್ಡಿಯ ಎಲ್14-30 ಸಾಕೆಟ್ ಇರುವ ಮಾದರಿಯನ್ನೇ ಹುಡುಕಿ.

ಎರಡೂ ತುದಿಗೆ ಗಂಡು ಪ್ಲಗ್ ಹಾಕಿದ ವೈರ್‌ನಿಂದ ಗೋಡೆಯ ಸಾಕೆಟ್‌ಗೆ ಕರೆಂಟ್ ತುಂಬಿಸುವ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡಬೇಡಿ. ಆ ಕರೆಂಟ್ ಬೀದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಮ್ಮುಖವಾಗಿ ಹರಿದು ಸಾವಿರಾರು ವೋಲ್ಟ್ ಆಗುತ್ತದೆ. ಕಂಬದ ಮೇಲೆ ನಿಮ್ಮ ಮನೆಯ ಲೈನನ್ನೇ ಸರಿ ಮಾಡುತ್ತಿರುವವರ ಜೀವ ಹೋಗುತ್ತದೆ.

ಐದನೇ ಹೆಜ್ಜೆ: ಎಲ್ಲಿ ಇಡುವುದು, ಹೇಗೆ ಶುರು ಮಾಡುವುದು

ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿ. ಪ್ರೊಪೇನ್ ಶುಭ್ರವಾಗಿ ಉರಿಯುತ್ತದೆ ಎಂದು ಗ್ಯಾರೇಜಿನಲ್ಲಿ, ಬಾಗಿಲು ತೆರೆದಿಟ್ಟು ಓಡಿಸುವವರಿದ್ದಾರೆ. ಅದರ ಹೊಗೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. 2021ರ ಆ ಚಳಿಯಲ್ಲಿ ಹ್ಯೂಸ್ಟನ್ ಭಾಗದಲ್ಲಿ ಈ ಅನಿಲದಿಂದಲೇ ಸತ್ತವರಿದ್ದಾರೆ. ಪ್ರತಿ ಅಂತಸ್ತಿನಲ್ಲೂ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಇರಲಿ. ಮಳೆಗೆ ಜನರೇಟರ್‌ಗೆಂದೇ ಮಾಡಿದ ಮೇಲ್ಚಾವಣಿ ಸಿಗುತ್ತದೆ, ಅದನ್ನು ಹಾಕಿ. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿರುವವರಿಗೆ ಜನರೇಟರ್ ಆಗುವ ಮಾತೇ ಅಲ್ಲ. ದೊಡ್ಡ ಬ್ಯಾಟರಿ ಪವರ್ ಸ್ಟೇಷನ್ ನೋಡಿ.

ಹೊಸ ಯಂತ್ರ ಎಣ್ಣೆ ಇಲ್ಲದೆ ಬರುತ್ತದೆ. ಮೊದಲು ಆಯಿಲ್ ತುಂಬಿ. ಆಮೇಲೆ ಜೊತೆಗೆ ಕೊಟ್ಟ ರೆಗ್ಯುಲೇಟರ್ ಪೈಪನ್ನು ಸಿಲಿಂಡರ್‌ಗೆ ಕೈಯಿಂದಲೇ ತಿರುಗಿಸಿ ಬಿಗಿ ಮಾಡಿ, ಸ್ಪ್ಯಾನರ್ ಬೇಡ. ವಾಲ್ವನ್ನು ನಿಧಾನವಾಗಿ ತೆರೆಯಿರಿ. ದಡಕ್ಕನೆ ತಿರುಗಿಸಿದರೆ ಒಳಗಿನ ಸುರಕ್ಷತಾ ವಾಲ್ವ್ ಪೈಪ್ ಒಡೆದಿದೆ ಎಂದು ತಿಳಿದು ಗ್ಯಾಸನ್ನು ಬಿಗಿಹಿಡಿಯುತ್ತದೆ. ಸಿಲಿಂಡರ್ ತುಂಬಿದ್ದರೂ ಎಂಜಿನ್ ಶುರುವಾಗದಿದ್ದರೆ ಬಹಳ ಸಲ ಇದೇ ಕಾರಣ. ವಾಲ್ವ್ ಮುಚ್ಚಿ, ಪೈಪ್ ಕಳಚಿ, ಒಂದು ನಿಮಿಷ ಬಿಟ್ಟು ಮತ್ತೆ ಜೋಡಿಸಿ, ಮೆಲ್ಲಗೆ ತೆರೆಯಿರಿ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ.

ಲೋಡ್ ಇಲ್ಲದೆ ಶುರು ಮಾಡಿ, ಎರಡು ಮೂರು ನಿಮಿಷ ಬಿಡಿ. ಮೊದಲು ಫ್ರಿಡ್ಜ್, ಅದು ನೆಲೆಗೊಂಡ ಮೇಲೆ ಉಳಿದವು ಒಂದೊಂದಾಗಿ. ನಿಲ್ಲಿಸುವಾಗ ಲೋಡ್ ತೆಗೆದು, ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲಲಿ.

ಯಾವಾಗ ಕೊಳ್ಳುವುದು, ಹೇಗೆ ನೋಡಿಕೊಳ್ಳುವುದು

ಟೆಕ್ಸಸ್‌ನಲ್ಲಿ ಪ್ರತಿವರ್ಷ ಏಪ್ರಿಲ್ ಕೊನೆಯ ಒಂದು ವಾರಾಂತ್ಯ ತುರ್ತು ಸಾಮಗ್ರಿಗಳಿಗೆ ಮಾರಾಟ ತೆರಿಗೆ ಇಲ್ಲ. 3,000 ಡಾಲರ್ ಒಳಗಿನ ಪೋರ್ಟಬಲ್ ಜನರೇಟರ್ ಅದರಲ್ಲಿ ಸೇರುತ್ತದೆ. ಉಳಿದ ಕಡೆಯವರಿಗೆ ನವೆಂಬರ್ ರಿಯಾಯಿತಿ ಇದೆ. ಇನ್ನೊಂದು ಗುಟ್ಟು: ಬಿರುಗಾಳಿ ಕಾಲ ಮುಗಿದ ಮೇಲೆ ಎರಡು ದಿನ ಓಡಿಸಿದ ಯಂತ್ರಗಳನ್ನು ಜನ ಮಾರಾಟಕ್ಕಿಡುತ್ತಾರೆ. ನೋಡಲು ಹೋದಾಗ ಎಂಜಿನ್ ಮುಟ್ಟಿ ನೋಡಿ. ಮೊದಲೇ ಬೆಚ್ಚಗಿದ್ದರೆ ನಿಮ್ಮ ಮುಂದೆ ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಓಡಿಸಿಟ್ಟಿದ್ದಾರೆ ಎಂದರ್ಥ. ತಣ್ಣಗಿರುವಾಗ, ಪ್ರೊಪೇನ್‌ನಲ್ಲೇ, ನೀವು ತಂದ ಹೀಟರ್‌ನಂಥ ಲೋಡ್ ಹಾಕಿ ನೋಡಿ. ಆಯಿಲ್ ಕಡ್ಡಿ ಎಳೆದು ಬಣ್ಣ ನೋಡಿ.

ಮನೆಗೆ ಬಂದ ಮೇಲೆ ತಿಂಗಳಿಗೊಮ್ಮೆ 15–20 ನಿಮಿಷ ಲೋಡ್ ಸಮೇತ ಓಡಿಸಿ. ಮೊದಲ ಆಯಿಲ್ ಬದಲಾವಣೆ ಬೇಗ ಬರುತ್ತದೆ, ಎಷ್ಟು ಗಂಟೆಗೆ ಎಂದು ಕೈಪಿಡಿಯಲ್ಲಿರುತ್ತದೆ. ಆಮೇಲಿನದು 50ರಿಂದ 100 ಗಂಟೆಗೊಮ್ಮೆ. ಸತತ ಓಡುತ್ತಿರುವ ದಿನಗಳಲ್ಲಿ ಎಂಟು ಗಂಟೆಗೊಮ್ಮೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಕಡಿಮೆಯಾದರೆ ಸೆನ್ಸರ್ ನಡುರಾತ್ರಿ ಯಂತ್ರ ನಿಲ್ಲಿಸಿಬಿಡುತ್ತದೆ. ಒಂದೆರಡು ಬಾಟಲಿ ಆಯಿಲ್, ಒಂದು ಸ್ಪಾರ್ಕ್ ಪ್ಲಗ್ ಡಬ್ಬದಲ್ಲೇ ಇಟ್ಟಿರಿ, ಬಿರುಗಾಳಿ ವಾರದಲ್ಲಿ ಅವೂ ಅಂಗಡಿಯಲ್ಲಿ ಸಿಗುವುದಿಲ್ಲ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಮಾದರಿಯಾದರೆ ಅದರ ಪುಟ್ಟ ಬ್ಯಾಟರಿಗೂ ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಕೊಡಿ.